ಹನ್ನೆರಡನೆಯ ಮೊಟ್ಟೆ

ಕಲ್ಲೇಶ ತೀರಿಕೊಂಡ. ನಾಗಪಂಚಮಿಯ ಮರುದಿನ ಬೆಳಿಗ್ಗೆ, ಪಟಾನ್‌ಚೆರುವಿಗೆ ಹೋಗುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತಂತೆಯೇ ಅವನ ಹೃದಯ ನಿಂತಿತು. ಕೊನೆಯ ಸ್ಟಾಪಿನಲ್ಲಿ ಎಬ್ಬಿಸಲು ಹೋದ ಕಂಡಕ್ಟರಿಗೆ ಗೊತ್ತಾಯಿತು. ವಯಸ್ಸು ನಲವತ್ತಾರು.

ಹಿಮಾಯತ್‌ನಗರದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವನು, ಅವನ ತಾಯಿ ಶಿವದೇವಿ, ಇಬ್ಬರೇ. ತಂದೆ ಸುರಪುರದಿಂದ ಸರ್ಕಾರಿ ನೌಕರಿಗೆ ಬಂದವರು. ತೀರಿಹೋಗಿ ಹದಿನಾರು ವರ್ಷ. ಕಲ್ಲೇಶನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತಮೇಲೆ ಶಿವದೇವಿ ಆ ಮಾತು ತೆಗೆಯುವುದನ್ನೇ ಬಿಟ್ಟಿದ್ದರು.

ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಅವನ ಕೆಲಸ ಬಿಸಿಯನ್ನೂ ತೇವವನ್ನೂ ಕಾಯುವುದು. ಮಾತ್ರೆಗಳು ಬೇಗ ಕೆಡುತ್ತವೆಯೋ ಇಲ್ಲವೋ ತಿಳಿಯಲು ಅವನ್ನು ಆಳೆತ್ತರದ ಕಪಾಟುಗಳಲ್ಲಿ ತಿಂಗಳುಗಟ್ಟಲೆ ಒಂದೇ ಉಷ್ಣತೆಯಲ್ಲಿ ಇಡುತ್ತಾರೆ. ಆ ಕಪಾಟುಗಳ ನಡುವೆ ಇಪ್ಪತ್ತು ವರ್ಷ ಅವನು ಓಡಾಡಿದ. ಜೊತೆಗಿದ್ದ ಕೌಶಲ್, ಕಲಬುರಗಿ ಕಡೆಯವನು, ಪುಣೆಗೆ ವರ್ಗವಾಗುವಾಗ ತಾನು ಸಾಕಿದ್ದ ಎರಡು ಕಾರ್ನ್ ಸ್ನೇಕ್‌ಗಳನ್ನು ಕಾಗದಪತ್ರ ಸಮೇತ ಅವನಿಗೆ ಒಪ್ಪಿಸಿ ಹೋದ. ಅಮೆರಿಕದ ಜಾತಿ, ಕಿತ್ತಳೆ ಬಣ್ಣ, ವಿಷವಿಲ್ಲ.

"ಇದು ಮನಿ ಏನ್ ಹುತ್ತ?" ಎಂದು ಶಿವದೇವಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ಷರತ್ತು ಹಾಕಿದರು. ಹಾವಿಗೆ ಉಣಿಸುವುದೇನಿದ್ದರೂ ಬಾಲ್ಕನಿಯಲ್ಲಿ; ತಲೆಯ ಮೇಲೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಮೂರು ವರ್ಷ ಅವನು ಅದನ್ನು ಮೀರಲಿಲ್ಲ.

ಈ ಸಲ ಮೇ ಕೊನೆಯಲ್ಲಿ ಹೆಣ್ಣು ಮೊದಲ ಬಾರಿಗೆ ಮೊಟ್ಟೆ ಇಟ್ಟಿತು. ಹನ್ನೆರಡು. ಹೊರಗೆ ನಲವತ್ತೆರಡು ಡಿಗ್ರಿ. ಮೊಟ್ಟೆಗೆ ಬೇಕಾದದ್ದು ಇಪ್ಪತ್ತೆಂಟು. ಎಲ್ಲರೂ ಕಾವು ಕೊಡಲು ಒದ್ದಾಡಿದರೆ ಇವನು ತಂಪು ಕೊಡಲು ಒದ್ದಾಡಬೇಕಾಯಿತು. ಬೇಗಂ ಬಜಾರಿನಿಂದ ದೊಡ್ಡ ಥರ್ಮಾಕೋಲ್ ಡಬ್ಬಿ ತಂದ. ಮೊಟ್ಟೆಗಳನ್ನು ಹೊರಳಿಸಿದರೆ ಒಳಗಿನ ಜೀವ ಸಾಯುತ್ತದೆಂದು ಒಂದೊಂದರ ನೆತ್ತಿಗೂ ಪೆನ್ಸಿಲ್ ಗುರುತು ಹಾಕಿ, ಒದ್ದೆ ಪಾಚಿಯ ಮೇಲೆ ಸಾಲಾಗಿ ಇಟ್ಟ. ಡಬ್ಬಿಯ ಸುತ್ತ ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳು. ಅವನ್ನು ಮೂರು ತಾಸಿಗೊಮ್ಮೆ ಬದಲಿಸಬೇಕು, ಅವನಿರುವುದು ಪಟಾನ್‌ಚೆರುವಿನಲ್ಲಿ.

"ಹಾವಿನ ಬಾಣಂತನಾನೂ ನನ್ನ ತಲಿಗೇ ಬಂತಲ್ಲೋ," ಎಂದರು ಶಿವದೇವಿ.

"ನನ್ನ ಬಾಣಂತನ ನೀ ಮಾಡಿಲ್ಲಲ್ಲ, ಅಜ್ಜಿ ಮಾಡ್ಯಾಳ. ನಿನಗ ಇದ ಮೊದಲನೇದು."

"ಬಾಯಿ ಭಾಳ ಆಗೇತಿ ನಿನಗ."

ಆದರೂ ಅರವತ್ತೆರಡು ದಿನ ಅವರು ಮಧ್ಯಾಹ್ನ ಮಲಗಲಿಲ್ಲ. ಬಾಟಲಿ ಬದಲಿಸುವಾಗಲೆಲ್ಲ ಡಬ್ಬಿಯ ಉಷ್ಣಮಾಪಕದ ಮುಳ್ಳು ಎಲ್ಲಿದೆ ನೋಡಿ, ಅವನು ಗೆರೆ ಎಳೆದುಕೊಟ್ಟ ನೋಟುಬುಕ್ಕಿನಲ್ಲಿ ಬರೆದರು. ಜುಲೈ ಹೊತ್ತಿಗೆ ಅವನಿಲ್ಲದಾಗ ಮುಚ್ಚಳ ತೆಗೆದು, "ಎಲ್ಲಾರೂ ಆರಾಮ ಅದೀರೇನು?" ಎಂದು ಕೇಳುವಷ್ಟು ಸಲಿಗೆಯಾಗಿತ್ತು.

ನಾಗರಚೌತಿಯ ಹಿಂದಿನ ದಿನ ಮರಿಗಳು ಸಿಪ್ಪೆ ಸೀಳಲು ಶುರುಮಾಡಿದವು. ಚೌತಿಯ ಸಂಜೆಗೆ ಹನ್ನೊಂದು ಹೊರಗೆ ಬಂದಿದ್ದವು, ಒಂದೊಂದು ಶೂ ಲೇಸಿನಷ್ಟು. ಕಲ್ಲೇಶ ಒಂದೊಂದನ್ನೂ ನಂಬರು ಬರೆದ ಪುಟ್ಟ ಡಬ್ಬಿಗಳಿಗೆ ಹಾಕಿದ. ಹನ್ನೆರಡನೆಯದರಲ್ಲಿ ಸೀಳಿಲ್ಲ. ಪಂಚಮಿಯ ಬೆಳಿಗ್ಗೆ ಮೊಬೈಲಿನ ಬೆಳಕು ಹಿಡಿದ. ಒಳಗೆ ಮರಿ ಮಿಸುಕುತ್ತಿತ್ತು. ಕೌಶಲ್‌ಗೆ ಫೋನು ಮಾಡಿದ.

"ಭಾಯ್, ಎಲ್ಲಾ ಒಡದು ಒಂದ ಉಳದೈತಿ ಅಂದ್ರ ಸುಮ್ನ ಕೂಡಬ್ಯಾಡ," ಎಂದ ಕೌಶಲ್. "ಅದಕ್ಕ ಸಿಪ್ಪಿ ಹರಿಯೂ ಶಕ್ತಿ ಇಲ್ಲ. ಸಣ್ಣ ಕತ್ರಿ ತಗೊಂಡು ಮ್ಯಾಲ ಒಂದೀಟು ಸೀಳು. ಮೂಗು ಹೊರಗ ಬಂದ್ರ ಸಾಕು."

ಕಲ್ಲೇಶ ಕತ್ತರಿ ಹುಡುಕುವುದನ್ನು ಶಿವದೇವಿ ನೋಡಿದರು. ಪಂಚಮಿಯ ದಿನ ಅವರ ಮನೆಯಲ್ಲಿ ಏನನ್ನೂ ಹೆಚ್ಚುವುದಿಲ್ಲ, ಕೊಯ್ಯುವುದಿಲ್ಲ, ಒಲೆಯ ಮೇಲೆ ಹಂಚಿಡುವುದಿಲ್ಲ.

"ಇವತ್ತ ಕತ್ರಿ ಮುಟ್ಟಂಗಿಲ್ಲೋ."

"ಇದು ಅಮೆರಿಕಾದ್ದವ್ವಾ. ಇದಕ್ಕ ಪಂಚಮಿ ಗೊತ್ತಿಲ್ಲ."

"ಹುಟ್ಟಾಕತ್ತಿದ್ದು ನಮ್ಮ ಮನ್ಯಾಗ. ವರ್ಷಕ್ಕ ಒಂದ ದಿನ ಅವರ ಹೆಸರಿಲೆ ಕೈ ಕಟಗೊಂಡು ಕೂಡತೀವಿ, ಅವತ್ತ ಅವರ ಮರೀ ಮ್ಯಾಲ ಕತ್ರಿ ಇಡತೀಯಾ?" ಎಂದ ಶಿವದೇವಿ ದನಿ ತಗ್ಗಿಸಿ, "ನಾಳೆ ಬೆಳಕ ಹರೀಲಿ, ನಾನ ತಂದು ಕೊಡತೀನಿ. ಒಂದ ದಿನದಾಗ ಏನಾಗತೈತಿ?" ಎಂದರು.

ಅವನು ಕತ್ತರಿ ಹುಡುಕುವುದನ್ನು ಬಿಟ್ಟ. ತಂಬಿಟ್ಟು ತಿಂದ, ಒಂದು ಉಂಡೆ ಸಾಕೆಂದ. ದಿನವಿಡೀ ನಾಲ್ಕು ಸಲ ಬೆಳಕು ಹಿಡಿದು ನೋಡಿದ. ಮೊದಲ ಮೂರು ಸಲ "ಅದಾನ, ಅದಾನ" ಎಂದು ತಾಯಿಗೆ ಕೂಗಿ ಹೇಳಿದ. ನಾಲ್ಕನೆಯ ಸಲ ಏನೂ ಹೇಳಲಿಲ್ಲ. ಶಿವದೇವಿಯೂ ಕೇಳಲಿಲ್ಲ.

ಕಲ್ಲೇಶನ ಕ್ರಿಯೆಯೆಲ್ಲ ಮುಗಿದ ಮೇಲೆ ಮರಿಗಳನ್ನು ಒಯ್ಯಲು ಕೌಶಲ್ ಪುಣೆಯಿಂದ ಬಂದ. ಡಬ್ಬಿಗಳನ್ನು ಎಣಿಸತೊಡಗಿದಾಗ ಶಿವದೇವಿ, "ಡಬ್ಬಿ ಎಣಿಸಬ್ಯಾಡಪಾ, ಮರಿ ಹನ್ನೊಂದ ಅದಾವ," ಎಂದರು. "ನನಗ ಗೊತ್ತೈತಿ ಅನ್ನೂದು ಅವಗ ಗೊತ್ತಿದ್ದಿಲ್ಲ. ನಾ ಒಂದ ದಿನ ತಡಿ ಅಂದೆ. ಅವನೂ ತಡದ, ಅದರ ಕೈಲೆ ಆಗಲಿಲ್ಲ." ಆಮೇಲೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಪಂಚಮಿಯ ಮರುದಿನ ಬೆಳಗಿನ ಸಂಗತಿಯನ್ನು ಹೇಳಿದರು.

ಆ ಬೆಳಿಗ್ಗೆ ಅವರು ಮಾತು ಕೊಟ್ಟಂತೆ ಕತ್ತರಿ ತಂದುಕೊಟ್ಟು ಚಹಕ್ಕೆ ಇಡಲು ಹೋಗಿದ್ದರು. ಲೋಟ ಹಿಡಿದು ಬಂದಾಗ ಕಲ್ಲೇಶ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದ. ಮೊಟ್ಟೆ ಸೀಳಿತ್ತು. ಅವನ ಭುಜದ ಮೇಲಿಂದ ಇಣುಕಿದರೆ ಅಂಗೈಯಲ್ಲಿ ಮರಿ ಸುರುಳಿ ಬಿಚ್ಚದೆ ಬಿದ್ದಿತ್ತು. ಕಣ್ಣು, ಮೈಮೇಲಿನ ಚುಕ್ಕೆ ಎಲ್ಲ ಪೂರ್ತಿಯಾಗಿ ಮೂಡಿದ್ದವು. ಬೆರಳಿನಿಂದ ಅದನ್ನು ಎರಡು ಸಲ ಸವರಿದ. ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಏಳನೆಯ ಡಬ್ಬಿಯ ಮುಚ್ಚಳ ತೆಗೆದು, ಅದರೊಳಗಿನ ಮರಿಯನ್ನು ಎತ್ತಿ ಹನ್ನೆರಡನೆಯದಕ್ಕೆ ಬಿಟ್ಟ.

ಶಿವದೇವಿ ಸದ್ದು ಮಾಡದೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಅಲ್ಲಿಂದ ಚಪ್ಪಲಿ ಎಳೆಯುತ್ತ ಮತ್ತೆ ಬಂದರು.

"ಬಾ ಅವ್ವಾ, ನೋಡು, ಬಂದಾನ," ಎಂದು ಕಲ್ಲೇಶ ಹನ್ನೆರಡನೆಯ ಡಬ್ಬಿಯನ್ನು ಅವರ ಮುಖದ ಹತ್ತಿರ ಹಿಡಿದ. "ನೀ ತಡಿ ಅಂದಿದ್ದ ಚೊಲೊ ಆತು." ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಖಾಲಿಯಾದ ಏಳನೆಯ ಡಬ್ಬಿಯನ್ನು ಉಳಿದವುಗಳ ಹಿಂದೆ ಮೆಲ್ಲಗೆ ಸರಿಸಿದ.