ನನ್ನ ಜೋಳದ ಪರಿಹಾರ

ಈ ಸಲ ಬಿಡದೆ ಹಿಡಿದ ಮಳೆ ನನ್ನ ಮುಸುಕಿನ ಜೋಳವನ್ನು ನಿಂತಲ್ಲೇ ಕೊಳೆಸಿತು. ವಿಲೇಜ್ ಅಕೌಂಟೆಂಟ್ ಹುಡುಗಿ ಬಂದು, ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. "ಪರಿಹಾರ ಬತ್ತದೆ ಬುಡಿ ಅಮ್ಮ" ಎಂದೂ ಹೇಳಿದಳು. ಧನಗೆರೆ ಕಡೆಯ ನಮ್ಮೂರಲ್ಲಿ ಜೋಳ ಕಳೆದುಕೊಂಡವರ ಖಾತೆಗೆಲ್ಲ ಸರ್ಕಾರದ ದುಡ್ಡು ಬಿತ್ತು. ನನಗೆ ಮಾತ್ರ ಬರಲಿಲ್ಲ. ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ನಾನು ನೆಚ್ಚಿಕೊಂಡಿದ್ದುದು ಅದೊಂದನ್ನೇ.

ಬ್ಯಾಂಕಿನವರು ಆಧಾರ್ ನೋಡಿಸಿ ಎಂದರು. ಆಧಾರಿನವರು ಬ್ಯಾಂಕಿಗೆ ಹೋಗಿ ಎಂದರು. ಕೊನೆಗೆ ಕೊಳ್ಳೇಗಾಲದ ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತ ನನ್ನ ಪಹಣಿ ತೆಗೆದು, "ನಿಮ್ ಒಲದಲ್ಲಿ ಅರ್ಸಿನ ಅದೆ ಕಣಮ್ಮ, ಚೆಂದಾಗಿ ಬೆಳ್ದದೆ. ಪರಿಹಾರ ಯಾವ್ದುಕ್ಕೆ?" ಎಂದ. ನಾನು ಅರಿಶಿನ ಹಾಕಿ ಎಷ್ಟು ವರ್ಷವಾಯಿತೋ! ಯಾರದೋ ಕಾಗದ ನೋಡುತ್ತಿದ್ದಾನೆ ಎಂದು ರೇಗಿದೆ. ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಹೆಸರು ನನ್ನದೇ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಅರಿಶಿನ ಇರುವುದು ನನ್ನ ಮೈದುನ ಉಳುವ ಎತ್ತರದ ಹೊಲದಲ್ಲಿ. ಅತ್ತೆ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಆ ಹೊಲದಲ್ಲೇ ಸಮಾಧಿ ಮಾಡಿದ್ದೆವು. ಅದು ನನ್ನ ಗಂಡನ ಪಾಲಿಗೆ ಬಂದಿದ್ದ ಹೊಲ. ಅವ್ವ ಮಲಗಿರುವ ಜಾಗ ನನಗಿರಲಿ ಎಂದು ಮೈದುನ ಅತ್ತ. ನನ್ನ ಗಂಡ, "ತಕೊ, ನಿಂದ ನಾನು ಉಳ್ತೀನಿ" ಎಂದರು. ಅಷ್ಟೇ, ಹೊಲ ಅದಲುಬದಲಾಯಿತು. ಅಣ್ಣತಮ್ಮಂದಿರ ನಡುವೆ ಕಾಗದ ಬರೆಸುವುದು ಅವಮಾನವೆಂದು ಇಬ್ಬರೂ ತಿಳಿದಿದ್ದರು. ಗಂಡ ಹೋದ ಮೇಲೆ ಜಮೀನಿನ ಖಾತೆ ನನ್ನ ಹೆಸರಿಗೆ ಬಂತು. ಯಾವ ಹೊಲದ್ದೆಂದು ನಾನೂ ನೋಡಲಿಲ್ಲ.

ಹಾಗಾದರೆ ನಾನು ಉಳುವ ಹೊಲ ಕಾಗದದಲ್ಲಿ ಇನ್ನೂ ಮೈದುನನದೇ, ನನ್ನ ಜೋಳದ ಪರಿಹಾರ ಅವನ ಖಾತೆಗೆ ಹೋಗಿರಬೇಕು. ಇಷ್ಟು ದಿನವಾದರೂ ಬಾಯಿ ಬಿಟ್ಟಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅವನು ಅಂಥವನಲ್ಲ. ಅಂಥವನಲ್ಲದಿದ್ದರೆ ಸುಮ್ಮನೇಕಿದ್ದಾನೆ? ಇದನ್ನೇ ಹೊರಳಿಸುತ್ತ ನಮ್ಮೂರ ಸ್ಟಾಪ್ ದಾಟಿಹೋಗಿ, ಹಿಂದಕ್ಕೆ ನಡೆದುಕೊಂಡು ಬಂದೆ.

ಮೈದುನ ಅರಿಶಿನದ ಸಾಲಿನಲ್ಲಿ ಕಳೆ ಕೀಳುತ್ತಿದ್ದ.

"ನಿನ್ ಖಾತೆಗೆ ದುಡ್ಡೇನಾರ ಬಂದಿತ್ತೇನಪ್ಪ?"

"ಬಂದಿತ್ತು ಕಣತ್ಗೆ, ಬೆಳೆ ಪರಿಹಾರ ಅಂತ! ನನ್ ಬೆಳೆಗೆ ಏನಾಗದೆ? ನೋಡಿ, ಒಂದ್ ಗಿಡಾನೂ ಓಗಿಲ್ಲ. ಕೊಳ್ಳೇಗಾಲಕ್ ಓಗಿ, ನನ್ ಒಲಕ್ಕೆ ನಷ್ಟ ಆಗಿಲ್ಲ ಅಂತ ಅರ್ಜಿ ಬರ್ಸಿ, ಅಷ್ಟೂ ವಾಪಸ್ ಕಟ್ಬುಟ್ಟು ಬಂದೆ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಅವನಿಗೆ ಇದೇ ತನ್ನ ಹೊಲ. ಕಾಗದದಲ್ಲಿ ತನ್ನದು ಬೇರೆಯಿದೆ ಎಂಬುದೇ ಮರೆತುಹೋಗಿತ್ತು. ನನ್ನ ಗಂಡ ಕೊಟ್ಟ ಮಾತನ್ನು ಅಷ್ಟು ನಂಬಿದ್ದ. ಇವನಿಗೆ ಬೈಯಬೇಕೋ, ಇವನ ಕೈ ಹಿಡಿದು ಅಳಬೇಕೋ ನನಗೆ ತಿಳಿಯಲಿಲ್ಲ.

"ಯಾಕತ್ಗೆ ಕೂತ್ಬುಟ್ರಿ? ತಪ್ ಮಾಡ್ದೆನಾ?"

"ಇಲ್ಲ ಕಣಪ್ಪ."

"ಅದೇ ಮತ್ತೆ. ಬ್ಯಾರೆಯವರ ದುಡ್ಡು ನಮಗ್ಯಾಕೆ? ಪಾಪ, ಯಾರ್ ಮನೆದೋ ಏನೋ" ಎನ್ನುತ್ತ ಅವನು ಮತ್ತೆ ಕಳೆಗೆ ಬಗ್ಗಿದ.