ಸಿಡುಕಿ ಕೈ ಹಾಕಿದ ಲ್ಯಾಪ್‌ಟಾಪ್

ನನ್ನ ತಂಗಿಯ ಮಗಳಿಗೆ ಬೀದಿಯವರು ಇಟ್ಟ ಹೆಸರು ಸಿಡುಕಿ. ಅದು ಅವಳಿಗೂ ಗೊತ್ತು. ಯಾರಾದರೂ ಫೋನ್ ಮಾಡಿ "ಕಂಪ್ಯೂಟರ್ ರಿಪೇರಿ ಅಂಗಡಿನಾ?" ಅಂದರೆ, "ಹೌದು, ಸಿಡುಕಿ ಅಂಗಡಿ. ಏನಾಗಿದೆ ಬೇಗ ಹೇಳಿ" ಅನ್ನುತ್ತಾಳೆ. ಇರುವುದು ಒಂದೇ ಕೋಣೆ. ಬಾಗಿಲ ಕಡೆಯ ಅರ್ಧದಲ್ಲಿ ನನ್ನ ಹೊಲಿಗೆ ಮಿಷನ್ನು. ಹರಿದದ್ದು, ಸಡಿಲಾದದ್ದು, ಜಿಪ್ಪು ಕಿತ್ತದ್ದು ನನ್ನ ಪಾಲು. ಒಳಗಿನ ಅರ್ಧದಲ್ಲಿ ಅವಳ ಮೇಜು, ಅದರ ಕೆಳಗೆ ಸತ್ತ ಲ್ಯಾಪ್‌ಟಾಪುಗಳ ರಾಶಿ. ನಮ್ಮಿಬ್ಬರ ನಡುವೆ ಗೋಡೆ ಇಲ್ಲ, ಹಾಗಾಗಿ ಅವಳು ಗಿರಾಕಿಗಳಿಗೆ ಬೈಯುವುದೆಲ್ಲ ನನ್ನ ಕಿವಿಯ ಮೇಲೇ ಬೀಳುತ್ತದೆ.

ಅವಳು ಮೊದಲಿನಿಂದ ಹೀಗಿರಲಿಲ್ಲ. ಹನ್ನೊಂದು ವರ್ಷ ಒಂದು ದೊಡ್ಡ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮುಂದಿನ ಕೌಂಟರಿಗೆ ಕೂತಿದ್ದಳು. ಗಿರಾಕಿಯ ಕಥೆಯನ್ನು ನಗುತ್ತಾ ಪೂರ್ತಿ ಕೇಳಬೇಕು, ಕೊನೆಗೆ "ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಳ್ಳೋದೇ ಒಳ್ಳೇದು" ಅನ್ನಬೇಕು. ಒಳಗೆ ಒಂದು ಸ್ಕ್ರೂ ಸಡಿಲವಾಗಿದ್ದರೂ ಅದೇ ಮಾತು. ಒಂದು ದಿನ ಯಾರದೋ ಲ್ಯಾಪ್‌ಟಾಪನ್ನು ಕೌಂಟರಿನ ಮೇಲೇ ಬಿಚ್ಚಿ, ಎರಡು ನಿಮಿಷದಲ್ಲಿ ಸರಿ ಮಾಡಿ ಕೈಗೆ ಕೊಟ್ಟು, ಕೊರಳಿನ ಗುರುತಿನ ಚೀಟಿಯನ್ನೂ ಅಲ್ಲೇ ಇಟ್ಟು ಬಂದಳು. ಆ ಮೇಲೆ ನನ್ನ ಕೋಣೆಯಲ್ಲಿ ಅರ್ಧ ಕೇಳಿದಳು. ಅಲ್ಲಿಂದ ತಂದ ಸಿಟ್ಟನ್ನು ಮಾತ್ರ ಇಳಿಸಲೇ ಇಲ್ಲ. ಯಾರು ಬಾಯಿ ತೆರೆದರೂ, "ಕಥೆ ಬೇಡ, ಮಿಷನ್ ಕೊಡಿ. ಅದು ಸುಳ್ಳು ಹೇಳಲ್ಲ" ಅನ್ನುತ್ತಾಳೆ. ಇದು ಅವಳ ಪದ್ಧತಿ. ನನಗೆ ಈ ಪದ್ಧತಿ ಯಾವತ್ತೂ ಸರಿಬಂದಿಲ್ಲ. ಬಟ್ಟೆ ಎಲ್ಲಿ ಹಿಡಿಯುತ್ತದೆ ಅಂತ ಹಾಕಿಕೊಳ್ಳುವವರು ಹೇಳದೆ ನಾನು ಕತ್ತರಿ ಮುಟ್ಟುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಟೈಪಿಸ್ಟ್ ಹೆಂಗಸು ಬಂದಳು. ಪಕ್ಕದ ಬೀದಿಯವಳು, ನಲವತ್ತರ ಸುಮಾರು, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಮನೆಯಲ್ಲೇ ಕೂತು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಕಾಲ ಕೆಳಗೆ ಒಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಸುಮ್ಮನಾಗುತ್ತಾರೆ. "ನನ್ನ ಮಿಷನ್ನಿನ ಹಾಗೇ" ಅಂತ ನಾನೊಮ್ಮೆ ನಕ್ಕಿದ್ದೆ. ಗಂಡ ಇಲ್ಲ, ಮನೆಯಲ್ಲಿ ಇರುವುದು ಮಾವ ಒಬ್ಬರೇ, ವಾಕರ್ ಹಿಡಿದು ನಡೆಯುವವರು. ಅವರ ಪ್ಯಾಂಟುಗಳ ಸೊಂಟ ಹಿಡಿಸಲು ನನ್ನ ಹತ್ತಿರ ಬರುತ್ತಿದ್ದಳು.

"ಅಕ್ಕ, ಇದರ ವೈಫೈ ಬಿಟ್ಟು ಬಿಟ್ಟು ಬರುತ್ತೆ," ಅಂದಳು ಸಿಡುಕಿಗೆ. "ಶುಕ್ರವಾರ ಹತ್ತು ಗಂಟೆಯಿಂದ ಹನ್ನೆರಡರ ತನಕ ಆಫೀಸಿನವರು ಲೈನ್ ಪರೀಕ್ಷೆ ಮಾಡ್ತಾರಂತೆ. ನಡುವೆ ಒಂದು ಸಲ ಕಡಿದರೂ ನನ್ನ ಕೆಲಸ ಬೇರೆಯವರಿಗೆ ಅಂತ ಕಾಗದ ಬಂದಿದೆ. ಇದು ಶುರುವಾಗಿದ್ದು..."

"ಕಥೆ ಬೇಡ. ಕೊಡಿ."

ಅವಳು ಲ್ಯಾಪ್‌ಟಾಪಿನ ಜೊತೆ ಎರಡು ಡಬ್ಬಿಗಳನ್ನೂ ಮೇಜಿನ ಮೇಲೆ ಇಟ್ಟಳು. ಒಂದರಲ್ಲಿ ನಾಲ್ಕು ಕೋಡಿನ ಹೊಸ ರೂಟರ್. ಇನ್ನೊಂದರಲ್ಲಿ ಬೆರಳುದ್ದದ ಡಾಂಗಲ್, ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಸಿಕ್ಕಿಸಿದರೆ ವೈಫೈ ಹಿಡಿಯುವಂಥದ್ದು. ದೊಡ್ಡ ರಸ್ತೆಯ ಅಂಗಡಿಯವನು ಮೊದಲು ರೂಟರ್ ಕೊಟ್ಟನಂತೆ. ಸರಿಹೋಗದಿದ್ದಾಗ ಡಾಂಗಲ್ ಕೊಟ್ಟನಂತೆ. ಅದೂ ಆಗದಿದ್ದಾಗ, "ಅಮ್ಮಾ, ಲ್ಯಾಪ್‌ಟಾಪೇ ಹೊಸದು ತಗೊಳ್ಳಿ" ಅಂದನಂತೆ.

ಸಿಡುಕಿ ಡಬ್ಬಿಗಳನ್ನು ತಿರುಗಿಸಿ ನೋಡಿದಳು. ಮುಖ ಕೆಂಪಾಯಿತು.

"ಈ ರೂಟರಿಗೆ ಎರಡು ದಾರಿ ಇದೆ. ಒಂದು ಹಳೇದು, ನಿಧಾನ, ಆದ್ರೆ ದೂರ ಹೋಗುತ್ತೆ. ಇನ್ನೊಂದು ಜೋರು, ಗೋಡೆ ಅಡ್ಡ ಬಂದ್ರೆ ಸುಸ್ತು. ನಿಮ್ಮ ಲ್ಯಾಪ್‌ಟಾಪಿನ ಒಳಗಿರೋ ಕಾರ್ಡಿಗೆ ಆ ಜೋರಿನ ದಾರಿ ಕಣ್ಣಿಗೇ ಕಾಣಲ್ಲ. ಇದನ್ನ ಕೇಳಿದ್ನಾ ಅವನು?"

"ಇಲ್ಲ."

"ಈ ಡಾಂಗಲ್ಲಿಗೆ ಹೊಸ ವಿಂಡೋಸ್ ಬೇಕು ಅಂತ ಡಬ್ಬಿ ಮೇಲೇ ಬರೆದಿದೆ. ನಿಮ್ಮದು ಹಳೇದು. ಅದನ್ನ ಕೇಳಿದ್ನಾ?"

"ಇಲ್ಲ."

"ಪಕ್ಕದಲ್ಲಿ ಇರೋದು ಮೂರು ತೂತು. ಒಂದು ಸುಟ್ಟಿದೆ. ಒಂದಕ್ಕೆ ಪೆಡಲು, ಒಂದಕ್ಕೆ ಹೆಡ್‌ಫೋನು. ಡಾಂಗಲ್ ಎಲ್ಲಿ ಹಾಕ್ಬೇಕು, ಅವನ ಮೂಗಿಗಾ?"

ಟೈಪಿಸ್ಟ್ ನಗಲಿಲ್ಲ. ಒಂದು ತೂತನ್ನು ನಾಲ್ಕು ಮಾಡುವ ಕವಲು ಪೆಟ್ಟಿಗೆಯನ್ನೂ ಹಾಕಿ ನೋಡಿದ್ದಳಂತೆ. ಪೆಡಲು ಬಿಟ್ಟ ಮೇಲೂ ಡಾಕ್ಟರು ಎರಡು ಮಾತು ಮುಂದೆ ಹೋಗಿಬಿಡುತ್ತಿದ್ದರಂತೆ. ರೂಟರಿನಿಂದ ಒಳಕೋಣೆಗೆ ವಯರ್ ಎಳೆಯೋಣ ಅಂದರೆ ಮಾವನ ವಾಕರಿಗೆ ಸಿಕ್ಕಿಕೊಳ್ಳುತ್ತದೆ.

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದಾನೆ, ಅದೂ ಎರಡು ಸಲ," ಅಂದಳು ಸಿಡುಕಿ. ನನಗೂ ಹೌದು ಅನ್ನಿಸಿತು. ಅಂಗಡಿಯವನು ಒಂದು ಪ್ರಶ್ನೆಯನ್ನೂ ಕೇಳದೆ ಎರಡು ಡಬ್ಬಿ ದಾಟಿಸಿದ್ದ. ಆದರೆ ಟೈಪಿಸ್ಟ್ ಹೇಳಲು ಬಂದದ್ದು ಅರ್ಧಕ್ಕೇ ನಿಂತಿತ್ತು ಅನ್ನುವುದು ಅವತ್ತು ನನಗೂ ಹೊಳೆಯಲಿಲ್ಲ.

ಸಿಡುಕಿ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಹೊಟ್ಟೆಯ ಚಿಕ್ಕ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಒಳಗಿನ ವೈಫೈ ಕಾರ್ಡ್ ಬದಲಾಯಿಸಿದಳು. ಎರಡೂ ದಾರಿ ಹಿಡಿಯುವ ಒಳ್ಳೆ ಕಾರ್ಡು. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು: ಈ ಕಾರ್ಡಿಗೆ ಅನುಮತಿ ಇಲ್ಲ. ತಯಾರಿಸಿದವರು ತಮಗೆ ಬೇಕಾದ ನಾಲ್ಕಾರು ಕಾರ್ಡುಗಳನ್ನು ಬಿಟ್ಟು ಬೇರೆ ಯಾವುದನ್ನು ಹಾಕಿದರೂ ಎದ್ದೇಳಬೇಡ ಅಂತ ಲ್ಯಾಪ್‌ಟಾಪಿಗೆ ಹೇಳಿ ಕಳಿಸಿರುತ್ತಾರಂತೆ. ಆ ದಿನವೆಲ್ಲ ಸಿಡುಕಿ ಆ ಕಂಪನಿಯ ವಂಶ ಜಾಲಾಡಿದಳು. ಮಂಗಳವಾರ ಆ ಪಟ್ಟಿಯಲ್ಲಿದ್ದ ಒಂದು ಹಳೇ ಕಾರ್ಡನ್ನು ರಾಶಿಯಿಂದ ಹುಡುಕಿ ಹಾಕಿದಳು. ಎರಡೂ ದಾರಿ ಹಿಡಿಯಿತು. ಮೇಜಿನ ಮೇಲೆ ಅರ್ಧ ದಿನ ಓಡಿಸಿದಳು. ಕಡಿಯಲಿಲ್ಲ. "ಆಯ್ತು, ತಗೊಂಡು ಹೋಗಿ."

ಬುಧವಾರ ಮಧ್ಯಾಹ್ನ ಟೈಪಿಸ್ಟ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು.

"ಅಕ್ಕ, ರೂಟರ್ ಪಕ್ಕ ಕೂತ್ರೆ ಸರಿ ಇದೆ. ಒಳಕೋಣೇಲಿ ಮತ್ತೆ ಹಾಗೇ."

"ನಿಮ್ಮ ಗೋಡೆ ದಪ್ಪ ಇರ್ಬೇಕು."

"ಮೊದಲು ಅದೇ ಗೋಡೆ..."

"ನಾನು ಹಾಕಿರೋ ಕಾರ್ಡ್ ಚೆನ್ನಾಗಿದೆ ರೀ. ನೀವು ಕೂರೋ ಜಾಗ ಸರಿಯಿಲ್ಲ. ಜಾಗ ಬದಲಾಯಿಸಿ. ಎಲ್ಲದಕ್ಕೂ ನಾನೇ ಬಂದು ಕುರ್ಚಿ ಎಳೆದು ಕೊಡ್ಲಾ?"

ಆ ಹೆಂಗಸು ತುಟಿ ಕಚ್ಚಿಕೊಂಡು ಲ್ಯಾಪ್‌ಟಾಪನ್ನು ಅಲ್ಲೇ ಇಟ್ಟು, ಮಾವನ ಪ್ಯಾಂಟು ಕೇಳಲು ನನ್ನ ಹತ್ತಿರ ಬಂದಳು. ನಾನು ಗುಂಡಿ ಹಚ್ಚುತ್ತಿದ್ದೆ. ಸ್ಟೂಲು ಎಳೆದು ಕೂರಿಸಿದೆ. ಸುಮ್ಮನೆ ಸೂಜಿ ಆಡಿಸುತ್ತಾ ಇದ್ದರೆ ಜನ ತಾವಾಗಿಯೇ ಮಾತಾಡುತ್ತಾರೆ.

"ಮೂರು ತಿಂಗಳ ಹಿಂದೆ ಇದರ ಕೀಲು ಮುರಿದಿತ್ತು ದೊಡ್ಡಮ್ಮ, ಮುಚ್ಚಳ ನಿಲ್ತಿರ್ಲಿಲ್ಲ. ಇಲ್ಲೇ ಅಕ್ಕನ ಹತ್ರನೇ ಹಾಕಿಸಿದೆ. ಅವತ್ತು ಸಾಯಂಕಾಲದಿಂದ್ಲೇ ವೈಫೈ ಹೋಗೋಕೆ ಶುರು. ಹೇಳೋಣ ಅಂದ್ರೆ, ಕೀಲು ಮುರ್ಕೊಂಡು ಬಂದಿದ್ದಕ್ಕೇ ಅಷ್ಟು ಬೈದಿದ್ರು. ಅದಕ್ಕೇ ಹೆದರಿ ಆ ಅಂಗಡಿಗೆ ಹೋದೆ."

"ಬೇರೆ ಸಾಮಾನಿಗೆಲ್ಲ ವೈಫೈ ಬರುತ್ತಾ ಮನೇಲಿ?"

"ನನ್ನ ಫೋನಿಗೆ ಬರುತ್ತೆ. ಮಾವನ ಟೀವಿಗೂ ಬರುತ್ತೆ, ಅದೇ ಒಳಕೋಣೇಲಿ."

ಅವಳು ಹೋದ ಮೇಲೆ ನಾನು ಸೂಜಿ ಸಿಕ್ಕಿಸಿಟ್ಟು ಒಳಗೆ ಹೋದೆ. ಹೇಳಿದೆ. ಸಿಡುಕಿ ತಲೆ ಎತ್ತಲಿಲ್ಲ.

"ದೊಡ್ಡಮ್ಮ, ಕೀಲಿಗೂ ವೈಫೈಗೂ ಏನು ಸಂಬಂಧ? ಮೊಣಕಾಲಿಗೂ ಬೋಳುತಲೆಗೂ ಗಂಟು ಹಾಕ್ಬೇಡ. ನಿಂದು ನೀನು ಹೊಲಿ."

ನಾನು ಸಿಟ್ಟು ಮಾಡುವವಳಲ್ಲ. ಅವತ್ತು ಬಂತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಅವಳ ಗೋಡೆ ದಪ್ಪ ಅಂತೀಯ. ಅದೇ ಕೋಣೇಲಿ ಫೋನ್ ಹಿಡಿಯುತ್ತೆ, ಟೀವಿ ಹಿಡಿಯುತ್ತೆ. ಗೋಡೆ ಏನು ಲ್ಯಾಪ್‌ಟಾಪಿನ ಮುಖ ನೋಡಿ ಅಡ್ಡ ನಿಲ್ಲುತ್ತಾ? ನಿನ್ನ ಮೇಜಿನ ಮೇಲೆ ಸರಿ ಇದ್ರೆ ಏನು ಬಂತು, ರೂಟರ್ ನಿನ್ನ ಮೊಣಕೈ ಹತ್ರ ಇದೆ. ಮಿಷನ್ ಸುಳ್ಳು ಹೇಳಲ್ಲ ಅಂತೀಯಲ್ಲ, ಅವಳು ಹೇಳ್ತಾಳೆ ಅಂತ ಯಾರು ಹೇಳಿದ್ರು ನಿಂಗೆ?"

"ಮುಗೀತಾ?"

"ಅದನ್ನ ಬಿಚ್ಚು. ಮುಚ್ಚಳ ಸಮೇತ ಬಿಚ್ಚು. ಅಲ್ಲೀ ತನಕ ನಾನು ಇಲ್ಲಿಂದ ಕದಲಲ್ಲ."

ಅವಳು ಬಿಚ್ಚಿದಳು, ಬೈಯುತ್ತಾ ಬಿಚ್ಚಿದಳು. ಪರದೆಯ ಸುತ್ತಿನ ಚೌಕಟ್ಟು ಬಂತು, ಪರದೆ ಬಂತು, ಎಡಗಡೆಯ ಕೀಲು ಕಂಡಿತು. ಆಮೇಲೆ ಬೈಗುಳ ನಿಂತಿತು.

ವೈಫೈ ಹಿಡಿಯುವ ಆಂಟೆನಾ ಮುಚ್ಚಳದ ಒಳಗೆ ಇರುತ್ತದಂತೆ. ಅಲ್ಲಿಂದ ನೂಲಿನಷ್ಟು ತೆಳ್ಳಗಿನ ಎರಡು ತಂತಿ, ಒಂದು ಬಿಳಿ ಒಂದು ಕಪ್ಪು, ಕೀಲಿನ ಪಕ್ಕದ ಸಂದಿಯಲ್ಲಿ ಇಳಿದು ಹೊಟ್ಟೆಯ ಕಾರ್ಡಿಗೆ ಬರುತ್ತವೆ. ಎರಡೂ ಸಂದಿಯಲ್ಲಿ ಇರಲಿಲ್ಲ. ಕೀಲಿನ ಕಬ್ಬಿಣದ ಕೆಳಗೆ ಇದ್ದವು. ಬಿಳಿಯದು ಚಪ್ಪಟೆಯಾಗಿ ತುಂಡಾಗಿತ್ತು. ಕರಿಯದರ ಒಂದೆರಡು ಎಳೆ ಉಳಿದಿತ್ತು. ಮೇಲೆ ಸ್ಕ್ರೂ ಬಲವಾಗಿ ಬಿಗಿದಿತ್ತು. ಅದು ಸಿಡುಕಿಯ ಕೈಯ ಬಿಗಿತ, ನನಗೂ ಗುರುತು ಸಿಕ್ಕಿತು. ಅವಳು ಮುಚ್ಚಿದ ಡಬ್ಬಿಯನ್ನು ಮನೆಯಲ್ಲಿ ಯಾರಿಗೂ ತೆರೆಯಲಾಗುವುದಿಲ್ಲ.

ಸ್ಕ್ರೂ ಸಡಿಲಿಸಿ, ತುಂಡಾದ ತಂತಿಯನ್ನು ಬೆರಳಲ್ಲಿ ಎತ್ತಿದಳು. "ಆ ರೂಟರ್ ಬೇಕಾಗಿರ್ಲಿಲ್ಲ," ಅಂದಳು. "ಡಾಂಗಲ್ಲೂ ಬೇಕಾಗಿರ್ಲಿಲ್ಲ. ನನ್ನ ಕಾರ್ಡೂ ಬೇಕಾಗಿರ್ಲಿಲ್ಲ."

ಗುರುವಾರ ಅಂಗಡಿಯ ಅರ್ಧ ಬಾಗಿಲು ಹಾಕಿ ಸತ್ತ ಲ್ಯಾಪ್‌ಟಾಪುಗಳ ಮುಚ್ಚಳಗಳನ್ನು ಒಂದೊಂದೇ ಸೀಳಿದಳು. ಒಂದರ ತಂತಿ ಗೇಣು ಸಾಲದು, ಇನ್ನೊಂದರ ತುದಿಯ ಗುಂಡಿ ದಪ್ಪ, ಕಾರ್ಡಿಗೆ ಕೂರುವುದಿಲ್ಲ. ಐದನೆಯದರಲ್ಲಿ ಸರಿಯಾದ ಜೋಡಿ ಸಿಕ್ಕಿತು. ಕೂಡಿಸಿ, ಮುಚ್ಚಳವನ್ನು ನೂರು ಸಲ ತೆರೆದು ಮುಚ್ಚಿದಳು. ಈ ಸಲ ಮೇಜಿನ ಮೇಲೆ ನೋಡಲಿಲ್ಲ. ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಅಂಗೈಯಲ್ಲಿ ಹಿಡಿದು ಬೀದಿ ದಾಟಿ, ಎದುರಿನ ಕ್ಷೌರದಂಗಡಿಯ ಒಳಗಿನ ಗೋಡೆಗೆ ಹೋಗಿ ನಿಂತಳು. "ಏನಮ್ಮ, ಕಟಿಂಗ್ ಅದಕ್ಕಾ ನಿಂಗಾ?" ಅಂದನಂತೆ ಕ್ಷೌರಿಕ. ಅವಳು ಪರದೆಯ ಮೇಲಿನ ಗುರುತು ನೋಡಿಕೊಂಡು ವಾಪಸು ಬಂದಳು. ನಮ್ಮ ಅಂಗಡಿಯ ವೈಫೈ ಅಲ್ಲಿಯೂ ಕಡಿದಿರಲಿಲ್ಲ.

"ಅವಳಿಗೆ ಹೇಳ್ತೀಯ ತಾನೆ?" ಅಂದೆ.

"ಪರೀಕ್ಷೆ ಮುಗೀಲಿ. ಈಗ ಹೇಳಿದ್ರೆ ನಾಳೆ ಅವಳಿಗೆ ಕೆಲಸದ ಮೇಲೆ ಮನಸ್ಸು ನಿಲ್ಲಲ್ಲ."

ನನಗೆ ನಂಬಿಕೆ ಬರಲಿಲ್ಲ. ಶುಕ್ರವಾರ ಅವಳು ಲ್ಯಾಪ್‌ಟಾಪ್ ಕೊಡಲು ಟೈಪಿಸ್ಟ್ ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ.

ಎರಡು ಕೋಣೆಯ ಮನೆ. ಹೊರಕೋಣೆಯಲ್ಲಿ ರೂಟರ್, ಒಳಕೋಣೆಯಲ್ಲಿ ಮಾವನ ಮಂಚ, ಅದರ ಕಾಲಿನ ಹತ್ತಿರ ಅವಳ ಮೇಜು. ಸಿಡುಕಿ ರೂಟರಿನ ಎರಡು ದಾರಿಗೂ ಬೇರೆ ಬೇರೆ ಹೆಸರು ಕೊಟ್ಟಳು. ಟೀವಿಯನ್ನು ಜೋರಿನ ದಾರಿಗೆ ಹಾಕಿ, ಲ್ಯಾಪ್‌ಟಾಪನ್ನು ನಿಧಾನದ, ದೂರದ ದಾರಿಗೆ ಕಟ್ಟಿದಳು. "ಟೈಪಿಂಗಿಗೆ ಓಡೋದು ಬೇಡ, ಬೀಳದೆ ಇದ್ರೆ ಸಾಕು" ಅಂದಳು. ಹತ್ತು ಗಂಟೆಗೆ ಟೈಪಿಸ್ಟ್ ಹೆಡ್‌ಫೋನ್ ಹಾಕಿ ಪೆಡಲು ಒತ್ತಿದಳು. ನಾವಿಬ್ಬರೂ ಮಂಚದ ಅಂಚಿನಲ್ಲಿ ಕೂತೆವು.

"ಉಸಿರಾಡಬಹುದಾ?" ಅಂದರು ಮಾವ ಪಿಸುಮಾತಿನಲ್ಲಿ. "ವೈಫೈಗೆ ಗಾಳಿ ಕಮ್ಮಿಯಾದ್ರೆ ನನ್ನ ತಲೆ ಮೇಲೆ ಬರುತ್ತೆ."

ಹನ್ನೊಂದೂವರೆಗೆ ಒಮ್ಮೆ ಪರದೆಯ ಮೇಲಿನ ಗುರುತು ಒಂದು ಗೆರೆ ಇಳಿಯಿತು. ಸಿಡುಕಿ ನನ್ನ ಮಣಿಕಟ್ಟು ಹಿಡಿದಳು. ಗೆರೆ ಮತ್ತೆ ಏರಿತು. ಹನ್ನೆರಡು ದಾಟಿ ಐದು ನಿಮಿಷಕ್ಕೆ ಆಫೀಸಿನ ಹೆಂಗಸಿನ ಫೋನ್ ಬಂತು: ಲೈನ್ ಸರಿ ಇದೆ, ಸೋಮವಾರದಿಂದ ಮೊದಲಿನ ಹಾಗೇ ಫೈಲು ಬರುತ್ತದೆ. ಟೈಪಿಸ್ಟ್ ಹೆಡ್‌ಫೋನ್ ತೆಗೆದು ಎರಡೂ ಕೈ ಜೋಡಿಸಿದಳು. "ಅಕ್ಕ, ನೀವು ಇಲ್ಲದಿದ್ರೆ..."

ನಾನು ಸಿಡುಕಿಯ ಕಡೆ ನೋಡಿದೆ.

"ಕೈ ಮುಗೀಬೇಡಿ," ಅಂದಳು ಸಿಡುಕಿ. "ಕೀಲು ಹಾಕುವಾಗ ತಂತಿ ಜಜ್ಜಿದ್ದು ನಾನೇ. ಮೂರು ತಿಂಗಳಿಂದ ನಿಮಗೆ ಆಗಿದ್ದೆಲ್ಲ ನನ್ನಿಂದ. ಸೋಮವಾರ ನೀವು ಹೇಳೋಕೆ ಬಂದ್ರಿ, ನಾನು ಕೇಳ್ಲಿಲ್ಲ."

ಜೋಡಿಸಿದ ಕೈಗಳು ನಿಧಾನವಾಗಿ ಕೆಳಗಿಳಿದವು. ಟೈಪಿಸ್ಟ್ ಎದ್ದು ಹೋಗಿ ಓಡುತ್ತಿದ್ದ ಟೀವಿ ಆರಿಸಿದಳು.

"ಮೂರು ತಿಂಗಳು," ಅಂದಳು. ದನಿ ಏರಲಿಲ್ಲ, ಗಟ್ಟಿಯಾಯಿತು. "ಲೈನ್ ಸಿಗಲ್ಲ ಅಂತ ಮೂರು ತಿಂಗಳು ಹೊರಕೋಣೇಲಿ ರೂಟರ್ ಪಕ್ಕ ನೆಲದ ಮೇಲೆ ಕೂತು ಟೈಪ್ ಮಾಡಿದೀನಿ, ಅಲ್ಲೂ ಆಗಾಗ ಕಡೀತಿತ್ತು. ಕಿವೀಲಿ ಹೆಡ್‌ಫೋನು. ಹೋದ ತಿಂಗಳು ಮಾವ ಇಲ್ಲಿ ಬಿದ್ರು. ಮುಕ್ಕಾಲು ಗಂಟೆ ಕೂಗಿದಾರೆ. ನಂಗೆ ಕೇಳ್ಲಿಲ್ಲ. ಯಾರದೋ ಎದೆನೋವಿನ ಬಗ್ಗೆ ಟೈಪ್ ಮಾಡ್ತಾ ಕೂತಿದ್ದೆ ನಾನು."

"ಮೂಳೆ ಏನೂ ಮುರೀಲಿಲ್ಲಮ್ಮ," ಅಂದರು ಮಾವ.

"ನೀವು ಸುಮ್ನಿರಿ ಮಾವ. ಇವರಿಗೆ ಬೈಗುಳಕ್ಕೆ ಪುರುಸೊತ್ತಿದೆ, ಕೇಳೋಕೆ ಇಲ್ಲ. ಆ ಅಂಗಡಿಯವನು ಡಬ್ಬಿ ಮಾರೋನು, ಅವನ ಹೊಟ್ಟೆಪಾಡು. ನಿಮಗೇನಾಗಿತ್ತು ಅಕ್ಕ? ನಾನು ನಿಮಗೆ ಹೆದರ್ಕೊಂಡು ಮೂರು ತಿಂಗಳು ನನ್ನ ಮಿಷನ್ನು ನಿಮಗೆ ತೋರಿಸ್ಲಿಲ್ಲ, ಗೊತ್ತಾ? ರಿಪೇರಿ ಅಂಗಡಿಗೆ ಹೆದರಿ!"

ಸಿಡುಕಿ ಎರಡು ಸಲ ಬಾಯಿ ತೆರೆದಳು. ನಾನು ಮೊಣಕೈಯಿಂದ ತಿವಿದೆ. ಮುಚ್ಚಿದಳು.

ಆ ಹೆಂಗಸು ನಿಲ್ಲಿಸಲಿಲ್ಲ. ರೂಟರ್ ಬಗ್ಗೆ ಹೇಳಿದಳು, ಆಫೀಸಿನ ಕಾಗದ ಬಂದ ದಿನದ ಬಗ್ಗೆ ಹೇಳಿದಳು, ಅವತ್ತು ಊಟ ಬಿಟ್ಟದ್ದನ್ನು ಹೇಳಿದಳು, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ಮಾವ ಗೋಡೆಯ ಕಡೆ ಹೊರಳಿ ಮಲಗಿದರು. ಒಂದು ಗಂಟೆ ಹೊಡೆಯಿತು. ಅಂಗಡಿ ಮುಚ್ಚಿತ್ತು, ಸಿಡುಕಿಯ ಫೋನ್ ಜೇಬಿನಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಅವಳು ತೆಗೆಯಲಿಲ್ಲ. ಇನ್ನು ಸಾಕು, ಎದ್ದು ಬಾ ಅಂತ ನಾನು ಒಂದು ಸನ್ನೆ ಮಾಡಿದ್ದರೆ ಎದ್ದು ಬರುತ್ತಿದ್ದಳೇನೋ. ನಾನು ಮಾಡಲಿಲ್ಲ. ನನ್ನ ಸಿಟ್ಟೂ ಇನ್ನೂ ಇಳಿದಿರಲಿಲ್ಲ.