ಶೃತಿಯ ಕನ್ನಡಕದ ಅಡ್ಡಗೆರೆ

ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ. ವನಗೂರಿನಾಚೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಹಾಜರಿ ಕರೆಯುವ ಹೊತ್ತು. ಹಣ್ಣು ಕೊಯ್ಯಲು ಹೊರಟ ತಾಯಂದಿರು ಕೂಲಿಗಳ ಲೈನ್ ಮನೆಗಳ ತುದಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಓಡುತ್ತಿದ್ದಾರೆ. ಅಲ್ಲಿನ ಆಯಾ ಬಸಮ್ಮ ಬಾಗಿಲ ಮೆಟ್ಟಿಲಲ್ಲೇ ಕೂತು ನಾಲ್ಕೂವರೆ ವರ್ಷದ ಶೃತಿಯ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾರೆ. ಮೂಗಿನ ಮೇಲಿಟ್ಟು, ತಲೆಯ ಹಿಂದೆ ಇಲಾಸ್ಟಿಕ್ ಬಿಗಿಯುತ್ತಾರೆ. ಗಾಜನ್ನು ಮೇಲೆ ಕೆಳಗೆ ಎರಡು ಪಾಲು ಮಾಡುವ ಅಡ್ಡಗೆರೆ ಕಣ್ಣಪಾಪೆಯ ನಡುವಿಗೇ ಬಂತೇ ಎಂದು ಬಗ್ಗಿ ನೋಡಿ, ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ:

"ಒಂದು ಭತ್ತದ ಕಾಳಿನಷ್ಟು ಜಾರಿದ್ರೂ ಮೇಲಿನ ಗಾಜಿಂದ ನೋಡ್ಬುಡ್ತಾಳೆ ಸಾರ್. ಕಣ್ಣು ತಟ್ಟಂತ ಮೂಗಿನ ಕಡೆ ಹೋಗ್ಬುಡ್ತದೆ."

ಮೊದಲೇ ಹೇಳಿಬಿಡುತ್ತೇನೆ: ಈ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಲವತ್ತಾರರ ಗಂಡಸು ಇಷ್ಟುದ್ದದ ಮಗುವನ್ನು ನೋಡಿ ಕರುಬುವುದು ಮರ್ಯಾದೆಯಲ್ಲ, ಗೊತ್ತು. ಆದರೆ ನನ್ನ ಎಡಗಣ್ಣೂ ಚಿಕ್ಕಂದಿನಿಂದ ಮೂಗಿನ ಕಡೆಗೇ ತಿರುಗಿದೆ. ಹಾನುಬಾಳಿನ ನಮ್ಮಜ್ಜಿ ಮಾಲುಗಣ್ಣು ಅದೃಷ್ಟ ಎಂದು ದೃಷ್ಟಿ ನಿವಾಳಿಸಿದರೇ ಹೊರತು ಡಾಕ್ಟರ ಬಳಿ ಕಳಿಸಲಿಲ್ಲ. ಈಗ ಆ ಕಣ್ಣು ಕೆಲಸವಿಲ್ಲದೆ ಮುಖದಲ್ಲಿ ಸುಮ್ಮನೆ ಇದೆ. ಅದೃಷ್ಟ ಎಲ್ಲಿ ಹೋಯಿತೋ ಕಾಣೆ.

ಬಸಮ್ಮನಿಗೆ ಐವತ್ತೆರಡು. ಹತ್ತೊಂಬತ್ತು ವರ್ಷ ಕಾಫಿ ಕೊಯ್ದು ಮಂಡಿ ಸೋತ ಮೇಲೆ ಇಲ್ಲಿಗೆ ಬಂದವರು. ದಿನಕ್ಕೆ ಹದಿನೇಳು ಮಕ್ಕಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಆಟಕ್ಕೆ ಕೂತ ಶೃತಿಯ ಕಣ್ಣು ಒಳಕ್ಕೆ ತಿರುಗಿದ್ದು ಮೊದಲು ಕಂಡದ್ದು ಇವರಿಗೇ. ಮಗುವಿನ ಅಜ್ಜಿ ಚೌಡಮ್ಮ ಇಲ್ಲೂ ಅದೃಷ್ಟದ ಮಾತೇ ಆಡಿದರು. ಬಸಮ್ಮ ಬಿಡಲಿಲ್ಲ. ರಜೆ ಹಾಕಿ, ತಾಯಿಯನ್ನೂ ಮಗುವನ್ನೂ ಜೀಪು ಹತ್ತಿಸಿ, ಹಾಸನದ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದರು.

"ಮೇಲರ್ಧ ದೂರಕ್ಕೆ, ಕೆಳಗರ್ಧ ಹತ್ರಕ್ಕೆ. ಎದ್ದಾಗಿಂದ ಮಲಗೋಗಂಟ ಹಾಕ್ಬೇಕು, ಇಲ್ದಿದ್ರೆ ಒಂದು ಕಣ್ಣು ನೋಡಿದ್ದನ್ನ ಮಿದುಳು ಕೈಬುಟ್ಬುಡ್ತದೆ ಅಂದ್ರು. ಇನ್ನೊಂದು ಮಾತೂ ಹೇಳಿದ್ರು. ಮುಂದೆ ಯಾವತ್ತಾದ್ರೂ ಕನ್ನಡಕ ತೆಗ್ದಾಗ ಎಲ್ಲ ಎರಡೆರಡು ಕಂಡ್ರೆ ಗಾಬರಿ ಬ್ಯಾಡ, ಈ ಮಗೀಗೆ ಎರಡು ಕಣ್ಣೂ ಕೆಲ್ಸ ಮಾಡ್ತಾ ಅವೆ ಅಂತ ಅರ್ಥ. ಎಂಟು ತಿಂಗಳಿಂದ ಅದ್ನೇ ಕಾಯ್ತಾ ಇವ್ನಿ ಸಾರ್."

ತಿಂಡಿಯಾದ ಮೇಲೆ ಆಟ ಶುರು. ಬಸಮ್ಮನ ಮಡಿಲಲ್ಲಿ ಮೊರ, ಮೊರದಲ್ಲಿ ಒಂದು ಹಿಡಿ ಕಾಫಿ ಬೀಜ, ಎದುರಿಗೆ ಶೃತಿ. ಚಪ್ಪಟೆಯದು ಆಚೆ, ದುಂಡನೆಯ ಪೀಬೆರಿ ಈಚೆ. ತಲೆಯನ್ನೇ ಬಗ್ಗಿಸಿದರೆ ನೋಟ ಮೇಲಿನ ಗಾಜಿಗೆ ಹೋಗುತ್ತದೆ. ಅದಕ್ಕೆ ಬಸಮ್ಮ ಒಂದು ಬೆರಳಿನಿಂದ ಗದ್ದ ಎತ್ತುತ್ತಾರೆ. "ಗದ್ದ ಮ್ಯಾಲೆ, ಕಣ್ಣು ಕೆಳಗೆ." ಅರ್ಧ ಗಂಟೆಯಲ್ಲಿ ನಾನು ಎಣಿಸಿದ್ದು ಇಪ್ಪತ್ತಮೂರು ಸಲ. ಒಮ್ಮೆಯೂ ದನಿ ಏರಲಿಲ್ಲ. ನನ್ನ ಗದ್ದಕ್ಕೆ ಅಂಥದೊಂದು ಬೆರಳು ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಫೋಟೊ ತೆಗೆಯಲು ಮೊಬೈಲ್ ಎತ್ತುತ್ತೇನೆ. ಹಾಲಿನ ಲೋಟ ಹಿಡಿದು ಬಂದ ಚೌಡಮ್ಮನಿಗೆ ಸಿಟ್ಟು. "ಪೇಪರ್‌ನಾಗೆ ಬರೋದಕ್ಕೆ ಆ ಮುದುಕ್ರ ಕನ್ನಡಕ ಯಾಕೆ?" ಎಂದು ಕಿತ್ತೇಬಿಡುತ್ತಾರೆ.

ಶೃತಿ ಅಜ್ಜಿಯನ್ನು ನೋಡಿ ಒಂದು ಕಣ್ಣು ಮುಚ್ಚಿಕೊಂಡು ಬಸಮ್ಮನತ್ತ ಕಿರುಚುತ್ತಾಳೆ. "ಹಾಕವ್ವಾ! ಅಜ್ಜಿ ಇಬ್ರಾಗ್ಬುಟ್ಟೌಳೆ!"

ಬಸಮ್ಮ ಮೊರ ಕೆಳಗಿಡುತ್ತಾರೆ.

"ಏನಂದೆ ಮಗ? ಇನ್ನೊಂದ್ಸಲ ಹೇಳು."

"ಎರಡು ಅಜ್ಜಿ. ಒಂದು ಇಲ್ಲಿ, ಒಂದು ಅಲ್ಲಿ."

ಬಸಮ್ಮ ನಗುತ್ತಾರೆ, ಅದೇ ಸೆರಗಿನಲ್ಲಿ ಮೊದಲು ಕನ್ನಡಕ, ಆಮೇಲೆ ತಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ನಾನೂ ನನ್ನ ಕನ್ನಡಕ ತೆಗೆದು ಚೌಡಮ್ಮನನ್ನು ದಿಟ್ಟಿಸುತ್ತೇನೆ. ಒಬ್ಬರೇ. ನನಗೆ ತಿಳಿವಳಿಕೆ ಬಂದಾಗಿನಿಂದ ಯಾವುದೂ ಎರಡಾಗಿ ಕಂಡದ್ದಿಲ್ಲ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದರೆ ಬಸಮ್ಮ ಇಲಾಸ್ಟಿಕ್ ಬಿಗಿಯುತ್ತಲೇ ಹೇಳುತ್ತಾರೆ: "ನನ್ ಸುದ್ದಿ ಬ್ಯಾಡ ಸಾರ್. ಅದೃಷ್ಟ ಅಂತ ಮನೇಲಿಟ್ಕೊಂಡಿರೋ ಮಕ್ಳಿದ್ರೆ ಡಾಕ್ಟ್ರತ್ರ ಕರ್ಕೊಂಡೋಗಿ ಅಂತ ಬರೀರಿ."

ಆಮೇಲೆ ನನ್ನ ಎಡಗಣ್ಣನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಅನ್ನುತ್ತಾರೆ.

"ನಿಮ್ ಹೊತ್ಗೆ ನಾನಿರ್ಲಿಲ್ಲ ಕಣ್ರೀ."